ಪುತ್ತುಬ್ಬನ ಎಡ ಹಿಮ್ಮಡಿ

ಪುತ್ತುಬ್ಬ ನೆಟ್ಟಗೆ ಕುಳಿತದ್ದನ್ನು ನಮ್ಮ ಕೇರಿಯಲ್ಲಿ ಯಾರೂ ಕಂಡಿರಲಿಲ್ಲ. ಉದ್ಯಾವರದಲ್ಲಿ ಅವನ ಮನೆಗೂ ನನ್ನ ಮನೆಗೂ ನಡುವೆ ಇದ್ದದ್ದು ಒಂದು ಕುಸಿದ ಪಾಗಾರದ ಗೋಡೆ ಮಾತ್ರ, ಆದ್ದರಿಂದ ಈ ಮಾತನ್ನು ಧೈರ್ಯದಿಂದ ಹೇಳುತ್ತಿದ್ದೇನೆ. ಅವನು ಚಹಾ ಕುಡಿಯುವುದು ನಿಂತು, ಊಟ ಮಾಡುವುದು ಒಂದು ಮೊಣಕಾಲು ಎತ್ತಿಕೊಂಡು, ಈಗಲೇ ಓಡುವವನ ಹಾಗೆ. ಕ್ಷೌರದ ಅಂಗಡಿಯಲ್ಲೂ ಅರ್ಧ ಗಡ್ಡ ಬೋಳಿಸಿಕೊಂಡು ಎದ್ದು ಬಾಗಿಲಿಗೆ ಬಂದು, ರಸ್ತೆಯಲ್ಲಿ ಹೋದ ಬಸ್ಸು ಯಾವುದೆಂದು ನೋಡಿ, ಮತ್ತೆ ಹೋಗಿ ಕುರ್ಚಿಗೆ ತಾಗುವವ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ್ದಾನೆ ಎಂದು ಅವನ ಉಮ್ಮ ಖದೀಜಮ್ಮ ಬೈಯುತ್ತಿದ್ದರು. ಬೈಗುಳದಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಅವನು ಬಸ್ಸಿನ ಕಂಡಕ್ಟರ್. ಉಡುಪಿಯಿಂದ ಕಟಪಾಡಿ, ಶಿರ್ವ, ಬೆಳ್ಮಣ್ ದಾರಿಯಾಗಿ ಕಾರ್ಕಳಕ್ಕೆ ಹೋಗುವ ಬಸ್ಸು. ಹಣೆಯ ಮೇಲೆ ಯಾವುದೋ ದೇವರ ಹೆಸರಿತ್ತು, ಆದರೆ ಜನರ ಬಾಯಲ್ಲಿ ಅದು ಹಸಿರು ಬಸ್ಸು. ಓಡಿಸುವವನು ಸ್ಟ್ಯಾನಿಸ್ಲಾಸ್, ಧಣಿ ವಿಠಲ ಶೆಟ್ರು. ನಾನು ಶಿರ್ವದ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದವನು. ದಿನವೂ ಬೆಳಿಗ್ಗೆ ಅದೇ ಬಸ್ಸಿಗೆ ನೇತಾಡಿಕೊಂಡು ಹೋಗುತ್ತಿದ್ದೆ. ಹಸಿರು ಬಸ್ಸಿನ ಬಾಲಕ್ಕೆ ಅಂಟಿಕೊಂಡ ಹಾಗೆ ಇನ್ನೊಬ್ಬ ಧಣಿಯ ನೀಲಿ ಬಸ್ಸು ಬರುತ್ತಿತ್ತು. ನಾವು ಒಂದು ಗಳಿಗೆ ತಡಮಾಡಿದರೆ ಮುಂದಿನ ಸ್ಟಾಪಿನ ಜನರನ್ನೆಲ್ಲ ಅದು ನುಂಗುತ್ತಿತ್ತು. ಹಾಗಾಗಿ ಹಸಿರು ಬಸ್ಸು ನಿಜವಾಗಿ ನಿಲ್ಲುತ್ತಿದ್ದದ್ದು ಉಡುಪಿಯಲ್ಲಿ ಮತ್ತು ಕಾರ್ಕಳದಲ್ಲಿ. ನಡುವೆ ನಿಂತ ಹಾಗೆ ಮಾಡುತ್ತಿತ್ತು.

ಅದು ನಿಂತ ಹಾಗೆ ಮಾಡುವಷ್ಟರಲ್ಲಿ ಜನರನ್ನು ಇಳಿಸಿ ಹತ್ತಿಸುವುದು ಪುತ್ತುಬ್ಬನ ವಿದ್ಯೆ. ಸ್ಟಾಪು ಇನ್ನೂ ದೂರವಿರುವಾಗಲೇ ಹಿಂದಿನ ಬಾಗಿಲಿನಿಂದ ಎಡಗಾಲು ಮುಂದೆ ಚಾಚಿ ಹಾರುತ್ತಿದ್ದ. ಹಿಮ್ಮಡಿ ಡಾಂಬರಿಗೆ ಬಡಿದ ಶಬ್ದ ಒಳಗೆ ಕುಳಿತ ನನಗೂ ಕೇಳುತ್ತಿತ್ತು. ಬಸ್ಸಿನ ಜೊತೆ ಓಡುತ್ತಲೇ ಒಬ್ಬರ ಚೀಲ ಎಳೆದು, ಇನ್ನೊಬ್ಬರ ಬೆನ್ನಿಗೆ ಕೈಕೊಟ್ಟು, "ದುಂಬು ಪೋಲೆ, ದುಂಬು ಪೋಲೆ" ಎಂದು ಒಳಗಿನವರನ್ನು ಮುಂದೆ ಅಟ್ಟಿ, ತಗಡಿಗೆ ಅಂಗೈಯಿಂದ ಬಡಿದು "ರೈಟ್, ಪೋಯಿ!" ಎನ್ನುತ್ತಿದ್ದ. ಬಸ್ಸು ಜೋರಾದ ಮೇಲೆ ನಾಲ್ಕು ಹೆಜ್ಜೆ ಓಡಿ ಹಾರಿ ಹತ್ತುತ್ತಿದ್ದ. ಕಾಲಿಗೆ ಸವೆದು ಕಾಗದದಷ್ಟಾದ ಹವಾಯಿ ಚಪ್ಪಲಿ. ದಪ್ಪ ಚಪ್ಪಲಿ ಹಾಕಿದರೆ ಫುಟ್‌ಬೋರ್ಡು ಕಾಲಿಗೆ ಸಿಕ್ಕುವುದಿಲ್ಲ ಎಂಬುದು ಅವನ ಸಿದ್ಧಾಂತ. ಕಾರ್ಕಳದ ಸ್ಟ್ಯಾಂಡಿನಲ್ಲಿ ಬೇರೆ ಬಸ್ಸಿನವರು ಕೂಡ ಅವನ ಹಾರಾಟವನ್ನು ನಿಂತು ನೋಡುತ್ತಿದ್ದರು. ನಿಜ ಹೇಳಬೇಕೆಂದರೆ ನನಗೂ ಅದೊಂದು ಚೆಂದವೇ ಆಗಿತ್ತು.

ಎಂಬತ್ತೆರಡನೆಯ ಇಸವಿ, ದೀಪಾವಳಿ ಕಳೆದ ಹೊತ್ತು. ಒಂದು ಬೆಳಿಗ್ಗೆ ಪಾಗಾರದ ಆಚೆಯಿಂದ ಒಂದು ಕೂಗು ಕೇಳಿಸಿತು. ಹಾವು ಕಚ್ಚಿತೋ ಎಂದು ನಾನು ಓಡಿದೆ. ಪುತ್ತುಬ್ಬ ಮಂಚದ ಪಕ್ಕ ಒಂಟಿ ಕಾಲಿನಲ್ಲಿ ನಿಂತಿದ್ದ.

"ಎಂತ ಆಯಿತು ಮಾರಾಯ?"

"ಎಂತ ಇಲ್ಲ ಮಾಸ್ಟ್ರೇ. ಹಿಮ್ಮಡಿಗೆ ಮುಳ್ಳು ತಾಗಿರಬೇಕು. ನೆಲಕ್ಕೆ ಇಡಲಿಕ್ಕೆ ಆಗುವುದಿಲ್ಲ."

ಅವನ ಹೆಂಡತಿ ಜುಬೈದಾ ಪಿನ್ನು ತಂದು ಹುಡುಕಿದಳು. ಮುಳ್ಳೂ ಇಲ್ಲ, ಆಣಿಯೂ ಇಲ್ಲ. ಅಷ್ಟರಲ್ಲಿ ಅವನು ಅಂಗಳದಲ್ಲಿ ಕುಂಟುತ್ತ ಆಚೆ ಈಚೆ ನಡೆದ. ನಡೆದ ಹಾಗೆ ನೋವು ಇಳಿಯಿತು. ಇಳಿದದ್ದೇ ಅನಾಹುತಕ್ಕೆ ಕಾರಣವಾಯಿತು. ಈ ನೋವು ಕೂತರೆ ಬರುತ್ತದೆ, ನಡೆದರೆ ಹೋಗುತ್ತದೆ ಎಂದು ಅವನು ಆ ಬೆಳಿಗ್ಗೆಯೇ ತೀರ್ಮಾನಿಸಿಬಿಟ್ಟ. ಹೇಗೂ ಕೂತು ಗೊತ್ತಿಲ್ಲದವನಿಗೆ ಇದಕ್ಕಿಂತ ಪ್ರಿಯವಾದ ರೋಗ ಬೇರೆ ಯಾವುದಿದೆ?

ಮರುದಿನದಿಂದ ಬೇಗ ಎದ್ದು, ಹಲ್ಲು ಕಚ್ಚಿಕೊಂಡು, ಕಾಲನ್ನು ನೆಲಕ್ಕೆ ಕುಟ್ಟುತ್ತ ಅಂಗಳ ಸುತ್ತತೊಡಗಿದ. "ನೋವನ್ನು ತುಳಿದು ಕೊಲ್ಲಬೇಕು ಮಾಸ್ಟ್ರೇ, ಮುದ್ದು ಮಾಡಿದರೆ ತಲೆಗೆ ಹತ್ತುತ್ತದೆ." ಬಸ್ಸಿನಲ್ಲಿ ಎಂದಿನಂತೆ ಹಾರುತ್ತಿದ್ದ. ಸಂಜೆ ಮನೆಗೆ ಬರುವಾಗ ಮುಖ ಕಪ್ಪಿಡುತ್ತಿತ್ತು. ಖದೀಜಮ್ಮ ಹಂಚಿನ ತುಂಡು ಕಾಯಿಸಿ, ಎಕ್ಕದ ಎಲೆ ಮೇಲಿಟ್ಟು, ಅದರ ಮೇಲೆ ಹಿಮ್ಮಡಿ ಒತ್ತಿಸುತ್ತಿದ್ದರು. ಸುಖವಾಗುತ್ತಿತ್ತು. ಆದರೆ ಒತ್ತುವಷ್ಟು ಹೊತ್ತು ಕೂರಬೇಕಲ್ಲ. ರಸ್ತೆಯಲ್ಲಿ ಹಾರ್ನ್ ಕೇಳಿದರೆ ಎಲೆ ಒಂದು ಕಡೆ, ಹಂಚು ಒಂದು ಕಡೆ, ಪುತ್ತುಬ್ಬ ಗೇಟಿನ ಹತ್ತಿರ. ಬೆಳಿಗ್ಗೆಯ ಮೊದಲ ಹೆಜ್ಜೆ ದಿನದಿಂದ ದಿನಕ್ಕೆ ಹೆಚ್ಚು ಚುಚ್ಚತೊಡಗಿತು. ಮೊದಲು ಅಂಗಳದ ಒಂದು ಸುತ್ತಿಗೆ ಇಳಿಯುತ್ತಿದ್ದ ನೋವು ಆಮೇಲೆ ಕಟಪಾಡಿಯವರೆಗೂ ಇಳಿಯಲಿಲ್ಲ.

ಆ ಕಟಪಾಡಿಯಲ್ಲೇ ಅವನ ಮಾನ ಹೋಯಿತು. ನಾನು ಬಸ್ಸಿನಲ್ಲೇ ಇದ್ದೆ. ಎಂದಿನಂತೆ ಹಾರಿದ, ಜನರನ್ನು ತುಂಬಿಸಿದ, ತಗಡು ಬಡಿದು "ರೈಟ್, ಪೋಯಿ!" ಎಂದ. ಸ್ಟ್ಯಾನಿ ಗೇರು ಹಾಕಿದ. ನಾವೆಲ್ಲ ಕಂಡಕ್ಟರ್ ಹತ್ತಿದ್ದಾನೆ ಎಂದೇ ತಿಳಿದಿದ್ದೆವು. ಶಂಕರಪುರದಲ್ಲಿ ಇಳಿಯಬೇಕಾದ ಹೆಂಗಸೊಬ್ಬರು ವಿಜಿಲ್ ಊದುವವರು ಯಾರೂ ಇಲ್ಲ ಎಂದು ಬೊಬ್ಬೆ ಹೊಡೆದಾಗ ಹಿಂತಿರುಗಿ ನೋಡಿದರೆ ಬಾಗಿಲು ಖಾಲಿ. ನೀಲಿ ಬಸ್ಸು ಹಿಂದೆ ಇರುವಾಗ ಸ್ಟ್ಯಾನಿ ತಿರುಗಿಸುವ ಪೈಕಿ ಅಲ್ಲ. ಯಾರಿಗೂ ಟಿಕೇಟಿಲ್ಲ, ಯಾರಿಗೂ ವಿಜಿಲಿಲ್ಲ, ಶಿರ್ವದವರೆಗೆ ನಾವು ಧರ್ಮದ ಬಸ್ಸಿನಲ್ಲಿ ಹೋದೆವು. ಶಿರ್ವದಲ್ಲಿ ಸ್ಟ್ಯಾನಿ ಬಸ್ಸು ಬದಿಗೆ ಹಾಕಿ ಕಾದ. ಆಗ ನೀಲಿ ಬಸ್ಸು ಬಂತು. ಅದರ ಕಿಟಕಿಯಲ್ಲಿ ಪುತ್ತುಬ್ಬ, ಸೀಟಿನಲ್ಲಿ ಕುಳಿತಿದ್ದ. ಅವನು ನೆಟ್ಟಗೆ ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಜನ ನಕ್ಕರು. ನೀಲಿ ಬಸ್ಸಿನ ಕಂಡಕ್ಟರ್ ಅವನನ್ನು ತೋಳು ಹಿಡಿದು ಇಳಿಸಿ, "ನಿಮ್ಮ ಸಾಮಾನು ಬಿದ್ದಿತ್ತು, ತೆಗೆದುಕೊಳ್ಳಿ" ಎಂದು ಸ್ಟ್ಯಾನಿಗೆ ಹೇಳಿದ. ಪುತ್ತುಬ್ಬ ಯಾರ ಮುಖವನ್ನೂ ನೋಡಲಿಲ್ಲ. ನನಗೆ ನಗು ಬಂದಿತ್ತು, ಅವನ ಮುಖ ನೋಡಿದ ಮೇಲೆ ನುಂಗಿಕೊಂಡೆ.

ಸಂಜೆ ವಿಠಲ ಶೆಟ್ರು ಮನೆಗೇ ಬಂದರು. ಕೆಟ್ಟವರಲ್ಲ, ವ್ಯಾಪಾರಸ್ಥರು.

"ಕಾಲು ಸರಿಯಾಗುವವರೆಗೆ ಮನೆಯಲ್ಲಿ ಇರು ಪುತ್ತುಬ್ಬ. ಅಷ್ಟರವರೆಗೆ ಮ್ಯಾಕ್ಸಿಮ್ ಹೋಗಲಿ. ಹಾರುವಷ್ಟು ಆದ ದಿನ ಬಾ, ನಿನ್ನ ಬಸ್ಸು ನಿನಗೇ ಉಂಟು."

"ನಾಳೆಯೇ ಬರುತ್ತೇನೆ ಧಣಿ."

"ನಾಳೆ ಬೇಡ. ಹಾರುವಷ್ಟು ಆದ ದಿನ."

ಮ್ಯಾಕ್ಸಿಮ್ ಎಂದರೆ ಸಂತೆಕಟ್ಟೆ ಕಡೆಯವನು, ಮದುವೆಯಾಗಿ ವರ್ಷವಾಗಿರಲಿಲ್ಲ, ಮೊಲದ ಹಾಗೆ ಓಡುತ್ತಿದ್ದ. ಅಂದಿನಿಂದ ಪುತ್ತುಬ್ಬನ ತಲೆಯಲ್ಲಿ ಇದ್ದದ್ದು ಒಂದೇ ವಿಚಾರ: ಮ್ಯಾಕ್ಸಿಮ್ ಆ ಬಾಗಿಲಿಗೆ ಅಂಟಿಕೊಳ್ಳುವ ಮೊದಲು ತನ್ನ ಕಾಲು ಸರಿಯಾಗಬೇಕು.

ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಸುಮ್ಮನೆ ಹೇಳಿಲ್ಲ. ನಮ್ಮ ಕಡೆ ಹಿಮ್ಮಡಿ ಒಡೆದರೆ ಹಸಿ ಗೇರುಬೀಜವನ್ನು ಕಬ್ಬಿಣದ ಕಡ್ಡಿಗೆ ಚುಚ್ಚಿ ಬೆಂಕಿಗೆ ಹಿಡಿದು, ಸುರಿಯುವ ಎಣ್ಣೆಯನ್ನು ಬಿರುಕಿಗೆ ಮುಟ್ಟಿಸುವ ಕ್ರಮವುಂಟು. ಬಿರುಕು ಮುಚ್ಚುತ್ತದೆ, ಸರಿ. ಆದರೆ ಪುತ್ತುಬ್ಬನ ಹಿಮ್ಮಡಿಯಲ್ಲಿ ಬಿರುಕೇ ಇರಲಿಲ್ಲ. ಮೇಲಿನದ್ದಕ್ಕೆ ಒಳ್ಳೆಯದಾದರೆ ಒಳಗಿನದ್ದಕ್ಕೂ ಒಳ್ಳೆಯದೇ ಎಂದು ಸ್ಟ್ಯಾನಿ ಹೇಳಿದನಂತೆ. ಸ್ವಲ್ಪ ಎಣ್ಣೆಗೆ ಬಿರುಕು ಹೋದರೆ ಹೆಚ್ಚು ಎಣ್ಣೆಗೆ ನೋವು ಹೋಗುತ್ತದೆ ಎಂದು ಇವನು ಲೆಕ್ಕ ಹಾಕಿದ. ಜುಬೈದಾ ಅಂಗಡಿಗೆ ಹೋದ ಹೊತ್ತು ನೋಡಿ ಒಲೆಯ ಮುಂದೆ ಕುಳಿತು ಹಿಮ್ಮಡಿ ತುಂಬ ಬೆಂಕಿಯಂಥ ಎಣ್ಣೆ ಸುರಿದುಕೊಂಡ. ಮರುದಿನ ಹಿಮ್ಮಡಿ ಕಪ್ಪಗಾಗಿ, ಸುತ್ತ ನಿಂಬೆಗಾತ್ರದ ಗುಳ್ಳೆಗಳು ಎದ್ದವು. ಗಾಯದ ಮೇಲೆ ಬರೆ ಎಂಬ ಮಾತನ್ನು ನಾನು ಮಕ್ಕಳಿಗೆ ಎಷ್ಟೋ ಸಲ ಹೇಳಿಕೊಟ್ಟಿದ್ದೆ, ಕಣ್ಣಾರೆ ಕಂಡದ್ದು ಆಗ.

ಜುಬೈದಾ ಅಳಲಿಲ್ಲ, ಬೈಯಲೂ ಇಲ್ಲ. ಪಾಗಾರದ ಹತ್ತಿರ ಬಂದು, "ಮಾಸ್ಟ್ರೇ, ನಾಳೆ ಶಾಲೆಗೆ ರಜೆ ಅಲ್ವಾ? ಇವರನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗಿ. ನನ್ನ ಮಾತು ಕೇಳುವುದಿಲ್ಲ, ನಿಮ್ಮದಾದರೂ ಕೇಳುತ್ತಾರೆ" ಎಂದಳು. ನನ್ನ ಮಾತನ್ನೂ ಅವನು ಕೇಳುವವನಲ್ಲ. ಆದರೆ ಆ ದಿನ ಚಪ್ಪಲಿ ಹಾಕಲೂ ಆಗದೆ ಬಿದ್ದಿದ್ದ.

ಮಣಿಪಾಲದ ದೊಡ್ಡ ಆಸ್ಪತ್ರೆಯಲ್ಲಿ ಘಟ್ಟದ ಮೇಲಿನ ಕನ್ನಡ ಆಡುವ ಲೇಡಿ ಡಾಕ್ಟರ್ ಒಬ್ಬರು ನೋಡಿದರು. ಸುಟ್ಟ ಗಾಯಕ್ಕೆ ಮುಲಾಮು ಹಚ್ಚಿಸಿ, ಹಿಮ್ಮಡಿಯ ಒಳಬದಿಯನ್ನು ಹೆಬ್ಬೆರಳಿನಿಂದ ಒತ್ತಿದರು. ಪುತ್ತುಬ್ಬ ನೋವಿಗೆ ಮೇಜಿನಿಂದ ಅರ್ಧ ಎದ್ದೇಬಿಟ್ಟ.

"ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಪಾದದ ಅಡಿಯಲ್ಲಿ ಒಂದು ಗಟ್ಟಿ ಪಟ್ಟಿ ಇದೆ" ಎಂದರು ಅವರು. "ಹಿಮ್ಮಡಿಗೆ ಅಂಟಿದ ಜಾಗದಲ್ಲಿ ಅದು ಪೆಟ್ಟು ತಿಂದು ತಿಂದು ಹಾಳಾಗಿದೆ. ಮಲಗಿದಾಗ ಮುದುಡಿಕೊಳ್ಳುತ್ತದೆ. ಎದ್ದು ಕಾಲಿಟ್ಟ ಕೂಡಲೇ ಎಳೆಯುತ್ತದೆ, ಅದೇ ನೋವು. ಏನು ಕೆಲಸ ನಿಮ್ಮದು?"

ಹೇಳಿದೆವು. ಹಾರುವುದನ್ನೂ ಹೇಳಿದೆವು. ಅವರು ಪೆನ್ನು ಕೆಳಗಿಟ್ಟರು.

"ಒಂದು ಇಂಜೆಕ್ಷನ್ ಹಾಕಿ ಡಾಕ್ಟ್ರೇ. ನಾಡಿದ್ದು ಡ್ಯೂಟಿಗೆ ಹೋಗಬೇಕು" ಎಂದ ಪುತ್ತುಬ್ಬ.

"ಹಾಕಿದರೆ ನೋವು ಹೋಗುತ್ತದೆ. ನೋವು ಹೋದರೆ ನೀವು ಹಾರುತ್ತೀರಿ. ಹಾರಿದರೆ ಈಗ ಊದಿದ್ದು ಆಗ ಹರಿಯುತ್ತದೆ. ಇದು ಮನೆಯಲ್ಲೇ ವಾಸಿಯಾಗುವಂಥದ್ದು, ಆದರೆ ತಿಂಗಳುಗಟ್ಟಲೆ ಬೇಕು."

ಹಾಸಿಗೆಯಿಂದ ಇಳಿಯುವ ಮೊದಲೇ ಪಾದಕ್ಕೆ ಮೈ ಒರೆಸುವ ಬೈರಾಸು ಸಿಕ್ಕಿಸಿ ತನ್ನ ಕಡೆಗೆ ಎಳೆದು ಹಿಡಿಯಬೇಕು. ಗೋಡೆಗೆ ಕೈಕೊಟ್ಟು, ನೋವಿನ ಕಾಲನ್ನು ಹಿಂದಿಟ್ಟು, ಹಿಮ್ಮಡಿ ಎತ್ತದೆ ಮುಂದೆ ಬಾಗಬೇಕು. ಬೆರಳುಗಳನ್ನು ಹಿಂದಕ್ಕೆ ಮಡಚಿ ಹಿಡಿಯಬೇಕು. ಬಾಟಲಿಯೊಂದನ್ನು ಅಂಗಾಲಿನ ಕೆಳಗೆ ಉರುಳಿಸಬೇಕು. ಸಂಜೆಗೆ ತಣ್ಣೀರು. ಬರಿಗಾಲಿನಲ್ಲಿ ನಡೆಯಬಾರದು, ಮನೆಯೊಳಗೂ ಮೆತ್ತನೆಯ ದಪ್ಪ ಚಪ್ಪಲಿ ಬೇಕು. ಎಲ್ಲದಕ್ಕಿಂತ ಹೆಚ್ಚಾಗಿ, ಕೂರಬೇಕು. ಕೊನೆಯದನ್ನು ಕೇಳಿ ಪುತ್ತುಬ್ಬ ನನ್ನ ಮುಖ ನೋಡಿದ. ಜೈಲು ಎಂದು ಹೇಳಿದ್ದರೂ ಅಷ್ಟು ಹೆದರುತ್ತಿರಲಿಲ್ಲವೇನೋ.

ಅಲ್ಲಿಂದ ಶುರುವಾಯಿತು ನೋಡಿ ಜುಬೈದಾಳ ವನವಾಸ. ಅವಳು ಬೀಡಿ ಕಟ್ಟುವವಳು. ಬೆಳಗಿನಿಂದ ಸಂಜೆಯವರೆಗೆ ಜಗಲಿಯ ಮೂಲೆಯಲ್ಲಿ ಮೊರ ಮಡಿಲಿಗಿಟ್ಟುಕೊಂಡು ಕುಳಿತಲ್ಲೇ ಕುಳಿತಿರುವವಳು. ಅವಳ ಪಕ್ಕ ಈಗ ಗಂಡ, ಸೋಡಾ ಬಾಟಲಿ ಕಾಲಡಿಗೆ ಹಾಕಿಕೊಂಡು ಗರಗರ ಉರುಳಿಸುತ್ತ. ಬಾಟಲಿಯೊಳಗಿನ ಗೋಲಿ ಟಣಟಣ ಎನ್ನುತ್ತಿತ್ತು. ರಸ್ತೆಯಲ್ಲಿ ಹಾರ್ನ್ ಕೇಳಿದರೆ ಬಾಟಲಿ ನಿಲ್ಲುತ್ತಿತ್ತು. "ಇದು ನೀಲಿ. ಇವತ್ತು ಮುಂದೆ ಹೋದ. ಮ್ಯಾಕ್ಸಿಮ್ ಎಂತ ಮಾಡುತ್ತಿದ್ದಾನೆ?" ಸ್ವಲ್ಪದರಲ್ಲೇ ಹಸಿರು ಬಸ್ಸಿನ ಸದ್ದು. "ಗೇರು ಹಾಕಿದ್ದು ಕೇಳಿದಿಯಾ? ಕಂಡಕ್ಟರ್ ರೈಟ್ ಹೇಳುವ ಮೊದಲೇ ಸ್ಟ್ಯಾನಿ ತೆಗೆದ." ಕೋಳಿಗಳು ಜಗಲಿ ಹತ್ತಿದರೆ "ದುಂಬು ಪೋಲೆ!" ಮಕ್ಕಳು ಊಟಕ್ಕೆ ತಡಮಾಡಿದರೆ ವಿಜಿಲ್. ಪಾಗಾರದ ಈಚೆ ನನಗೆ ಭಾನುವಾರದ ನಿದ್ರೆ ಇಲ್ಲವಾಯಿತು. ಅಂಡು ಸುಟ್ಟ ಬೆಕ್ಕು ಎನ್ನುತ್ತಾರೆ. ಇವನದು ಹಿಮ್ಮಡಿ ಸುಟ್ಟದ್ದು, ಮತ್ತೇನೂ ವ್ಯತ್ಯಾಸವಿರಲಿಲ್ಲ.

ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಖದೀಜಮ್ಮ ಮುಖಕ್ಕೇ ಹೇಳಿದರು. ಮಗ ಬೆರಳು ಮಡಚಿದ ಕಾಲನ್ನು ತನ್ನಡಿಗೆ ಹಾಕಿ ಕೂರುವುದನ್ನು ಬಾಗಿಲಲ್ಲಿ ನಿಂತು ನೋಡಿದ ಅವರಿಗೆ ಸಿಟ್ಟೇ ಬಂತು. "ಇದನ್ನು ಕಲಿಯಲಿಕ್ಕೆ ಮಣಿಪಾಲಕ್ಕೆ ಹೋಗಬೇಕಿತ್ತಾ ಮೋನೆ? ಐದು ಹೊತ್ತು ನಮಾಜಿಗೆ ಕೂತಿದ್ದರೆ ಬೆರಳು ತಾನಾಗಿ ಮಡಚುತ್ತಿತ್ತು. ನಿನ್ನದು ಶುಕ್ರವಾರ ಕೂಡ ಓಡುವ ನಮಾಜು." ಪುತ್ತುಬ್ಬ ಮರುದಿನದಿಂದ ಉಮ್ಮನ ಪಕ್ಕದಲ್ಲೇ ಚಾಪೆ ಹಾಕಿದ. ಪುಣ್ಯಕ್ಕೋ ಹಿಮ್ಮಡಿಗೋ ನಾನು ಕೇಳಲಿಲ್ಲ.

ಮನೆಯೊಳಗೆ ಹಾಕುವ ದಪ್ಪ ಚಪ್ಪಲಿಯದ್ದು ಇನ್ನೊಂದು ಕತೆ. ಜುಬೈದಾಳ ತಮ್ಮ ಶುಕೂರ್ ದುಬೈಯಿಂದ ಬರುವಾಗ ಬಾವನಿಗೆಂದು ಸ್ಪಂಜಿನಂಥ ದಪ್ಪ ಅಡಿಯ ಚಪ್ಪಲಿ ತಂದುಕೊಟ್ಟು ಆಗಲೇ ವರ್ಷಗಳಾಗಿದ್ದವು. ದುಬೈಯ ಸಾಮಾನನ್ನು ನೆಲಕ್ಕೆ ಹಾಕುವುದುಂಟೇ? ಅದು ಪ್ಲಾಸ್ಟಿಕ್ ಚೀಲದ ಸಮೇತ ಕಪಾಟಿನಲ್ಲಿ, ಸೆಂಟು ಬಾಟಲಿ, ಹೊದೆಯದ ಕಂಬಳಿಗಳ ಜೊತೆ ಕೂತಿತ್ತು. ಬಂದವರಿಗೆ ತೋರಿಸುತ್ತಿದ್ದರು. ಹೊಸ ಚಪ್ಪಲಿ ಕೊಳ್ಳಬೇಕೆಂದು ಗಂಡ ಹೆಂಡತಿ ಉಡುಪಿಯ ಅಂಗಡಿಗಳನ್ನೆಲ್ಲ ಸುತ್ತುವ ಮಾತಾಡುತ್ತಿದ್ದಾಗ ನಾನೇ ಅದನ್ನು ನೆನಪಿಸಿದೆ. ಜುಬೈದಾ ಗಾಬರಿಯಾದಳು. "ಅದನ್ನಾ? ಮನೆಯೊಳಗಾ? ಸೌದಾಳ ಮಗಳ ಮದುವೆಗೆ ಅಂತ ಇಟ್ಟದ್ದು ಮಾಸ್ಟ್ರೇ!" ಸೌದಾ ಎಂದರೆ ಕಾಪುವಿನಲ್ಲಿರುವ ಪುತ್ತುಬ್ಬನ ತಂಗಿ, ಅವಳ ಮಗಳು ಆಗ ಮೂರನೇ ಕ್ಲಾಸು. ಕೊನೆಗೆ ಕಪಾಟು ತೆರೆಯಿತು. ದುಬೈ ಚಪ್ಪಲಿ ಮೆಟ್ಟಿಕೊಂಡು ಪುತ್ತುಬ್ಬ ಅಡುಗೆಮನೆಗೂ ಜಗಲಿಗೂ ಮೆಲ್ಲಗೆ ಓಡಾಡಿದ. ನಿಜ ಹೇಳುತ್ತೇನೆ, ಎಲ್ಲ ಮದ್ದಿಗಿಂತ ಹೆಚ್ಚು ಕೆಲಸ ಮಾಡಿದ್ದು ಅದೇ ಚಪ್ಪಲಿ ಮತ್ತು ಆ ಬೈರಾಸು.

ಗಾಯ ಒಣಗಿತು. ಬೆಳಗಿನ ಚುಚ್ಚು ಮೊಂಡಾಯಿತು. ಗೇರು ಹೂ ಬಿಡುವ ಹೊತ್ತಿಗೆ ಮಂಚದಿಂದ ಇಳಿಯುವಾಗ ಗೋಡೆ ಹಿಡಿಯುವುದನ್ನು ಬಿಟ್ಟ. ಆದರೆ ಕಾಲು ಗುಣವಾದ ಹಾಗೆ ತಲೆ ಕೆಟ್ಟಿತು. ಸ್ಟ್ಯಾನಿ ಒಮ್ಮೆ ಬಂದವನು ಬಾಯಿ ತಪ್ಪಿ, "ಮ್ಯಾಕ್ಸಿಮ್ ಪರವಾಗಿಲ್ಲ, ಎರಡೂ ಬಾಗಿಲಿನಿಂದ ಹಾರುತ್ತಾನೆ" ಎಂದುಬಿಟ್ಟ. ಆ ರಾತ್ರಿ ಪುತ್ತುಬ್ಬನಿಗೆ ಅನ್ನ ಇಳಿಯಲಿಲ್ಲ. ಮರುದಿನ ನಾನು ಶಾಲೆಯಿಂದ ಬರುವಾಗ ಧಪ್, ಧಪ್ ಎಂಬ ಶಬ್ದ. ಪಾಗಾರದ ಮೇಲಿಂದ ಇಣುಕಿದೆ. ಪುತ್ತುಬ್ಬ ಹಳೆಯ ಹವಾಯಿ ಹಾಕಿಕೊಂಡು ಜಗಲಿಯಿಂದ ಅಂಗಳಕ್ಕೆ ಹಾರುತ್ತಿದ್ದ. ಹಾರುವುದು, ಹತ್ತುವುದು, ಮತ್ತೆ ಹಾರುವುದು. ಬಾಯಲ್ಲಿ ಸಣ್ಣಗೆ "ರೈಟ್, ಪೋಯಿ."

ಮೊರ ಬದಿಗಿಟ್ಟು ಜುಬೈದಾ ಎದ್ದಳು. ಅವಳು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ.

"ಹಾರಿ! ಇನ್ನೂ ಹಾರಿ! ನಾಳೆ ಕಟಪಾಡಿಯಲ್ಲಿ ಚಕ್ರದ ಅಡಿಗೆ ಬಿದ್ದರೆ ಶೆಟ್ರು ಮ್ಯಾಕ್ಸಿಮನ್ನು ಇಡುತ್ತಾರೆ. ನಾವು ಯಾರನ್ನು ಇಡುವುದು? ದಿನಾ ಸಂಜೆ ನಿಮ್ಮ ಬಸ್ಸಿನ ಹಾರ್ನ್ ಕೇಳಿದ ಮೇಲೆ ನೀವು ಗೇಟು ತೆಗೆಯುವವರೆಗೆ ನನ್ನ ಜೀವ ಎಲ್ಲಿ ಇರುತ್ತದೆ ಅಂತ ನಿಮಗೆ ಗೊತ್ತುಂಟಾ? ಎಲ್ಲರೂ ನಿಮ್ಮ ಹಾರಾಟ ನೋಡಲಿಕ್ಕೆ ಚೆಂದ ಅಂತ ಹೇಳುತ್ತಾರೆ. ನನಗೆ ಒಂದು ದಿನವೂ ಚೆಂದ ಕಾಣಲಿಲ್ಲ!"

ಪುತ್ತುಬ್ಬ ಅಂಗಳದ ನಡುವೆ ನಿಂತ. ನಾನು ಪಾಗಾರದಿಂದ ತಲೆ ಕೆಳಗೆ ಮಾಡಿದೆ, ಏಕೆಂದರೆ ಚೆಂದ ಎಂದವರಲ್ಲಿ ನಾನೂ ಒಬ್ಬ. ಮರುದಿನ ಬೆಳಿಗ್ಗೆ ಅವನ ಕೂಗು ಮತ್ತೆ ಕೇಳಿಸಿತು. ನೋವು ಹಿಂತಿರುಗಿತ್ತು. ಮತ್ತೆ ಬೈರಾಸು, ಮತ್ತೆ ಬಾಟಲಿ, ಮತ್ತೆ ತಣ್ಣೀರು. ಈ ಸಲ ಹಾರ್ನ್ ಕೇಳಿದಾಗ ಅವನು ಎದ್ದು ಓಡಲಿಲ್ಲ. ಬಾಟಲಿ ಮಾತ್ರ ಜೋರಾಗಿ ಉರುಳುತ್ತಿತ್ತು.

ಮಳೆಗಾಲಕ್ಕೆ ಮೊದಲು ಅವನು ಶೆಟ್ರ ಗ್ಯಾರೇಜಿಗೆ ಹೊರಟ. ಕಾಲಲ್ಲಿ ದುಬೈ ಚಪ್ಪಲಿ. ನಡಿಗೆಯಲ್ಲಿ ಕುಂಟು ಇರಲಿಲ್ಲ. ಬೇಸಿಗೆ ರಜೆಯಲ್ಲಿದ್ದ ನನ್ನನ್ನೂ ಎಳೆದುಕೊಂಡು ಹೋದ.

ಗ್ಯಾರೇಜಿನ ಅಂಗಳದಲ್ಲಿ ಹಸಿರು ಬಸ್ಸು ತೊಳೆದು ನಿಂತಿತ್ತು. ಪುತ್ತುಬ್ಬ ಹೋಗಿ ಅದರ ಹಿಂಬಾಗಿಲಿನ ಕಂಬಿ ಹಿಡಿದುಕೊಂಡ, ಬಿಡಲೇ ಇಲ್ಲ. ಶೆಟ್ರು ಹೊರಗೆ ಬಂದರು.

"ಸರಿಯಾಯಿತಾ?"

"ಆಯಿತು ಧಣಿ."

"ಹಾರುವಷ್ಟು?"

ಪುತ್ತುಬ್ಬ ಫುಟ್‌ಬೋರ್ಡಿಗೆ ಹತ್ತಿದ. ಶೆಟ್ರು ನಕ್ಕು, "ಸ್ಟ್ಯಾನಿ, ಒಂದು ರೌಂಡ್ ಹೊಡಿ. ನೋಡುವ" ಎಂದರು. ಮ್ಯಾಕ್ಸಿಮ್, ಮೆಕ್ಯಾನಿಕ್‌ಗಳು, ಟಯರಿನವರು ಎಲ್ಲ ಬಂದು ಸಾಲಾಗಿ ನಿಂತರು. ಸ್ಟ್ಯಾನಿ ಬಸ್ಸು ಹೊರಡಿಸಿದ. ಪುತ್ತುಬ್ಬ ಫುಟ್‌ಬೋರ್ಡಿನಲ್ಲಿ, ಅದೇ ಹಳೆಯ ಭಂಗಿಯಲ್ಲಿ, ಎಡಗಾಲು ಮುಂದೆ. ಅಂಗಳ ಸುತ್ತಿ ನಮ್ಮ ಮುಂದೆ ಬಂದಾಗ ಬಸ್ಸು ನಿಧಾನವಾಯಿತು. ಅವನ ಇಡೀ ದೇಹ ಹಾರಲು ಬಾಗಿದ್ದನ್ನು ನಾನು ಕಂಡೆ. ಕಂಬಿಯ ಮೇಲೆ ಬೆರಳು ಬಿಳುಚಿದ್ದವು. ಹಾರು ಎಂದು ಒಳಗೇ ಯಾರೋ ಅವನನ್ನು ದೂಡುತ್ತಿದ್ದರು, ನನ್ನೊಳಗೂ ಯಾರೋ ಹಾರು ಎನ್ನುತ್ತಿದ್ದರು. ಅವನು ಹಾರಲಿಲ್ಲ. ಬಸ್ಸು ಪೂರ್ತಿ ನಿಂತ ಮೇಲೆ ಒಂದೊಂದೇ ಮೆಟ್ಟಿಲು ಇಳಿದು ಬಂದ.

"ಇನ್ನು ಹೀಗೆಯೇ ಧಣಿ" ಎಂದ. "ನಿಂತ ಮೇಲೆಯೇ ಇಳಿಯುವುದು. ಹಾರಿದರೆ ಕಾಲು ಹೋಗುತ್ತದೆ."

ಯಾರೂ ನಗಲಿಲ್ಲ. ಶೆಟ್ರು ಸ್ವಲ್ಪ ಹೊತ್ತು ಗಡ್ಡ ಕೆರೆದರು. "ನೀಲಿಯವ ನಮ್ಮನ್ನು ತಿಂದು ಹಾಕುತ್ತಾನೆ ಪುತ್ತುಬ್ಬ. ನಿನಗೂ ಗೊತ್ತುಂಟು. ಸ್ಟ್ಯಾಂಡಿನಲ್ಲಿ ಟೈಮ್‌ಕೀಪರನ ಕುರ್ಚಿ ಖಾಲಿ ಉಂಟು, ಆರಾಮ ಕೂತುಕೋ. ಅದು ಬೇಡದಿದ್ದರೆ ಡಕೋಟ."

ಡಕೋಟ ಎಂದರೆ ಶೆಟ್ರ ಇನ್ನೊಂದು ಬಸ್ಸು. ಕಾಪುವಿನಿಂದ ಮಣಿಪಾಲಕ್ಕೆ, ಪ್ರತಿ ಮರದ ಕೆಳಗೂ ನಿಂತು ಉಸಿರು ಬಿಡುತ್ತ ಹೋಗುವ ಮುದಿ ಬಸ್ಸು. ಅದಕ್ಕೆ ಪೈಪೋಟಿಯೂ ಇಲ್ಲ, ಮರ್ಯಾದೆಯೂ ಇ‌ಲ್ಲ. ಕುರ್ಚಿ ಎಂಬ ಮಾತು ಕೇಳಿಯೇ ಪುತ್ತುಬ್ಬ ಡಕೋಟ ಎಂದ. ಮನೆಗೆ ಬರುವಾಗ ಉದ್ಯಾವರದ ಸೇತುವೆ ಹತ್ತಿರ ಹಸಿರು ಬಸ್ಸು ನಮ್ಮನ್ನು ದಾಟಿ ಹೋಯಿತು. ಬಾಗಿಲಲ್ಲಿ ಮ್ಯಾಕ್ಸಿಮ್, ಇವನನ್ನು ನೋಡಿ ಮುಖ ಆಚೆ ತಿರುಗಿಸಿದ. ಪುತ್ತುಬ್ಬನ ಕಣ್ಣು ತುಂಬಿತ್ತು. ಅವನು ಅದನ್ನು ಮುಚ್ಚಿಡಲೂ ಹೋಗಲಿಲ್ಲ.

ಡಕೋಟದಲ್ಲೂ ಅವನು ಕೂರಲಿಲ್ಲ ಬಿಡಿ. ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಒಳಗೇ ನಡೆಯುತ್ತಿದ್ದ. ಡ್ರೈವರಿನ ಬೆನ್ನ ಹಿಂದೆ ನಿಂತು ಚಡಪಡಿಸುತ್ತಿದ್ದ. ಸ್ಟಾಪು ಬಂದಾಗ ಎಡಗಾಲು ತಾನಾಗಿ ಹೊರಗೆ ಚಾಚುತ್ತಿತ್ತು, ಅದನ್ನು ಎಳೆದು ಒಳಗಿಡುತ್ತಿದ್ದ. ಮೊದಲ ವಾರ ಊಟಕ್ಕೆ ಬಂದರೆ ಯಾರೊಂದಿಗೂ ಮಾತಿಲ್ಲ ಎಂದು ಜುಬೈದಾ ಹೇಳಿದಳು. ಕುರ್ಚಿಯ ಕೆಲಸವಾದರೂ ಆಗುತ್ತಿತ್ತೇನೋ ಎಂದೂ ಹೇಳಿದಳು. ಆಗುತ್ತಿರಲಿಲ್ಲ, ಅವಳಿಗೂ ಗೊತ್ತಿತ್ತು.

ಅದೇ ವಾರದ ಕೊನೆಗೆ ಕಾಪುವಿನಲ್ಲಿ ನನ್ನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಊಟವಿತ್ತು. ಮಣಿಪಾಲದಿಂದ ಬರುವ ಡಕೋಟಕ್ಕೆಂದು ಉದ್ಯಾವರದ ಸ್ಟಾಪಿಗೆ ಹೋದೆ. ಅಲ್ಲಿ ಖದೀಜಮ್ಮ ನಿಂತಿದ್ದರು, ಮಗಳು ಸೌದಾಳ ಮನೆಗೆ. ಕೈಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಮೊಮ್ಮಕ್ಕಳಿಗೆ ಏನೋ ಕಟ್ಟಿದ್ದು. ವಾರಕ್ಕೊಮ್ಮೆ ಅವರು ಹೋಗುವುದು ಈ ಬಸ್ಸಿನಲ್ಲೇ. ಡಕೋಟ ಬಂತು, ನಿಂತಿತು. ಪುತ್ತುಬ್ಬ ಇಳಿದು ಬುಟ್ಟಿ ಒಳಗಿಟ್ಟ. ಉಮ್ಮ ಎರಡೂ ಕೈಯಿಂದ ಕಂಬಿ ಹಿಡಿದು, ಒಂದು ಮೆಟ್ಟಿಲಿಗೆ ಎರಡೂ ಕಾಲು ತಂದಿಟ್ಟು, ಉಸಿರು ತೆಗೆದುಕೊಂಡು ಮುಂದಿನ ಮೆಟ್ಟಿಲಿಗೆ ಹೋದರು. ಅವನಿಗೆ ಬೇರೆ ಕೆಲಸವಿರಲಿಲ್ಲ. ನೋಡುತ್ತ ನಿಂತ.

ಅವನಿಗೆ ಚೇಷ್ಟೆ ಮಾಡಬೇಕೆನಿಸಿತು. ಆ ವಾರದಲ್ಲಿ ಅದೇ ಮೊದಲ ಚೇಷ್ಟೆ ಇರಬೇಕು. "ಕಟಪಾಡಿವರೆಗಾದರೂ ನನ್ನ ಹಸಿರು ಬಸ್ಸಿನಲ್ಲಿ ಬರಬಹುದಿತ್ತಲ್ಲ ಉಮ್ಮ. ಇಷ್ಟು ವರ್ಷ ಒಂದು ದಿನ ಹತ್ತಲಿಲ್ಲ. ಮಗ ಕಂಡಕ್ಟರ್ ಅಂತ ನಾಚಿಕೆಯಾ?"

ಖದೀಜಮ್ಮ ಸೀಟಿಗೆ ಕೈ ಊರಿ ತಿರುಗಿದರು.

"ಬಂದಿದ್ದೆ ಮೋನೆ. ಎರಡು ಸಲ ಬಂದಿದ್ದೆ. ಒಮ್ಮೆ ಕಂಬಿಗೆ ಕೈ ಕೂಡ ಹಾಕಿದ್ದೆ. ನೀನು ಆಚೆಯಿಂದ ರೈಟ್ ಪೋಯಿ ಅಂದೆ. ಮುದುಕಿ ಯಾರು ಅಂತ ನೋಡಲಿಕ್ಕೆ ನಿನಗೆ ಪುರುಸೊತ್ತು ಎಲ್ಲಿತ್ತು?"

ಅದರಲ್ಲಿ ಸಿಟ್ಟು ಇರಲಿಲ್ಲ. ಎಲ್ಲರ ಬಸ್ಸೂ ಹಾಗೆಯೇ ಎನ್ನುವ ಸ್ವರ ಅದು. ಪುತ್ತುಬ್ಬ ಬಸ್ಸಿನಲ್ಲಿದ್ದವರ ಕಡೆ ನೋಡಿದ. ಮೀನಿನ ಬುಟ್ಟಿ ಖಾಲಿ ಮಾಡಿ ಬಂದ ಹೆಂಗಸರು, ಆಸ್ಪತ್ರೆಯಿಂದ ಬರುವ ಕೋಲಿನವರು, ಕಂಕುಳಲ್ಲಿ ಕೂಸಿನವರು. ಒಬ್ಬೊಬ್ಬರ ಮುಖವನ್ನೂ ನೋಡಿದ. ಆಮೇಲೆ ಬಾಗಿ ಉಮ್ಮನ ಬುಟ್ಟಿಯನ್ನು ಸೀಟಿನ ಕೆಳಗೆ ಸರಿಸಿದ.

ಡ್ರೈವರ್ ಕನ್ನಡಿಯಲ್ಲಿ ನೋಡಿ ಎರಡು ಸಲ ಹಾರ್ನ್ ಹೊಡೆದ. ಪುತ್ತುಬ್ಬನ ಬಾಯಲ್ಲಿ ವಿಜಿಲ್ ಇತ್ತು. ಉಮ್ಮ ಸೆರಗು ಸರಿಮಾಡಿಕೊಂಡು, ಕಿಟಕಿಯ ಕಡೆಗೆ ಸರಿದು, ಸರಿಯಾಗಿ ಕುಳಿತುಕೊಳ್ಳುವವರೆಗೆ ಅವನು ಊದಲಿಲ್ಲ.